ಮೂರನೆಯ ಪದವನ್ನೂ ಮಕ್ಕಳಿಗೆ ಹೇಳಿ

ಶಾಲೆಯಲ್ಲಿ ವೀರರ ಕಥೆ ಹೇಳುವ ಮೇಷ್ಟ್ರುಗಳಿಗೆ, ಟೀಚರುಗಳಿಗೆ, ಅಂಥ ಕಥೆಗಳನ್ನು ಅಚ್ಚು ಹಾಕುವ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಕುಂದಾಪುರದ ಕಡೆಯವಳು. ಒಂಬತ್ತು ವರ್ಷಗಳಿಂದ ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ಉಡುಪಿ, ಮಂಗಳೂರು ಕಡೆಯ ಸಾವಿರಾರು ಜನ ಇಲ್ಲಿ ಇದೇ ಕೆಲಸದಲ್ಲಿದ್ದಾರೆ. ಈಗ ನಾನಿರುವುದು ಒಂದು ಕಿಬುಟ್ಸಿನಲ್ಲಿ. ಹೊಲ, ತೋಟ, ಕೊಟ್ಟಿಗೆ ಎಲ್ಲವೂ ಎಲ್ಲರದು ಎಂದುಕೊಂಡು, ಒಂದೇ ಊಟದ ಮನೆಯಲ್ಲಿ ಉಂಡು ಬೆಳೆದ ರೈತರ ಹಳ್ಳಿ ಅದು. ನಾನು ನೋಡಿಕೊಳ್ಳುವ ಅಜ್ಜಿಗೆ ತೊಂಬತ್ತು ದಾಟಿದೆ. ಇಲ್ಲಿಯವರ ಹಾಗೆ ನಾನೂ ಅವರನ್ನು ಸವ್ತಾ ಎಂದೇ ಕರೆಯುತ್ತೇನೆ. ಸವ್ತಾ ಅಂದರೆ ಅಜ್ಜಿ.

ಹೋದ ತಿಂಗಳು ಊರಿನಿಂದ ಅಣ್ಣನ ಮಗಳು ಫೋನ್ ಮಾಡಿದಳು. ಏಳನೇ ಕ್ಲಾಸು. ಶಾಲೆಯಲ್ಲಿ ಭಾಷಣ ಸ್ಪರ್ಧೆಯಂತೆ, ಮೂರು ನಿಮಿಷ, ವಿಷಯ ದೇಶಕ್ಕಾಗಿ ಪ್ರಾಣ ಕೊಟ್ಟ ವೀರರು. ಅತ್ತೆ ಇರುವ ದೇಶದ ಒಬ್ಬ ವೀರನನ್ನು ಎಲ್ಲಿಂದಲೋ ಹುಡುಕಿ, ಬರೆದು, ಬಾಯಿಪಾಠವನ್ನೂ ಮಾಡಿಕೊಂಡಿದ್ದಳು. ನನಗೆ ಒಪ್ಪಿಸಿದಳು. ಹತ್ತೊಂಬತ್ತು ವರ್ಷದ ಒಬ್ಬ ಸೈನಿಕ ಶತ್ರುಗಳ ಕೈಗೆ ಸಿಕ್ಕಿದ, ಗುಟ್ಟು ಬಿಟ್ಟುಕೊಡುವ ಬದಲು ಪ್ರಾಣ ಬಿಟ್ಟ, ಅವನ ಬಟ್ಟೆಯಲ್ಲಿ ಒಂದು ಚೀಟಿ ಸಿಕ್ಕಿತು, ಅದರಲ್ಲಿ "ನಾನು ದ್ರೋಹ ಬಗೆಯಲಿಲ್ಲ" ಎಂದಿತ್ತು, ಇವನೇ ನಿಜವಾದ ವೀರ. ಉಸಿರು ಬಿಗಿಹಿಡಿದು ಹೇಳಿ ಮುಗಿಸಿದಳು. ಟೀಚರ್ ಬಹಳ ಚೆನ್ನಾಗಿದೆ ಅಂದರಂತೆ. ಆಮೇಲೆ ದನಿ ತಗ್ಗಿಸಿ ಕೇಳಿದಳು:

"ಅತ್ತೆ, ಹಂಗಾರೆ ಸಿಕ್ಕಿಬಿದ್ದು ಬದ್ಕಿ ಬಂದವ್ರ್ ವೀರರ್ ಅಲ್ದಾ?"

ಈ ಪತ್ರ ಬರೆಯುತ್ತಿರುವುದು ಆ ಮಗುವಿನ ಪ್ರಶ್ನೆಗೆ. ಅವಳ ಟೀಚರ್ ಮೇಲೆ ದೂರು ಹೇಳುವುದಕ್ಕಲ್ಲ. ಈ ಹುಡುಗನ ಕಥೆಯನ್ನು ಈ ದೇಶವೂ ಬಹಳ ಕಾಲ ಹೀಗೆಯೇ ಹೇಳಿಕೊಂಡಿತ್ತು.

ಅವನ ಹೆಸರು ಊರಿ ಇಲಾನ್. 1935ರ ಫೆಬ್ರುವರಿ 17ರಂದು ಗನ್ ಶ್ಮುಎಲ್ ಎಂಬ ಕಿಬುಟ್ಸಿನಲ್ಲಿ ಹುಟ್ಟಿದವನು. ನಮ್ಮ ಮೈಸೂರು ಲ್ಯಾನ್ಸರ್ಸ್‌ನ ಕುದುರೆ ಸವಾರರು 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದದ್ದನ್ನು ನೀವು ಮಕ್ಕಳಿಗೆ ಹೇಳಿರುತ್ತೀರಿ. ಆ ಹೈಫಾದಿಂದ ಸಮುದ್ರದ ಬದಿಯಲ್ಲೇ ದಕ್ಷಿಣಕ್ಕೆ ಬಂದರೆ ಹದೇರಾ ಎಂಬ ಪೇಟೆ ಸಿಗುತ್ತದೆ. ಗನ್ ಶ್ಮುಎಲ್ ಅದರ ಮಗ್ಗುಲಲ್ಲೇ ಇದೆ. ಹೆಸರಿನ ಅರ್ಥ ಶ್ಮುಎಲನ ತೋಟ. 1895ರಲ್ಲಿ ಹದೇರಾದವರು ಅಲ್ಲಿ ಮಾದಲದ ಗಿಡ ನೆಟ್ಟು ತೋಟ ಮಾಡಿದ್ದರು. ಯಹೂದಿಗಳ ಸುಕ್ಕೋತ್ ಹಬ್ಬಕ್ಕೆ ಮಾದಲದ ಹಣ್ಣು ಬೇಕೇಬೇಕು. ಆಮೇಲೆ ಕಿತ್ತಳೆ ತೋಟಗಳು, ಮೀನಿನ ಕೆರೆಗಳು, ಹಣ್ಣಿನ ರಸದ ಕಾರ್ಖಾನೆ ಬಂದವು. ಊರಿ ಬೆಳೆದದ್ದು ಇಂಥ ಊರಿನಲ್ಲಿ. ಪಕ್ಕದಲ್ಲೇ ಸರ್ಕಸ್ ಎಂಬ ಅರಬ್ ಹಳ್ಳಿಯೊಂದಿತ್ತು. 1948ರಲ್ಲಿ ಅಲ್ಲಿಯ ಜನರನ್ನು ಒಕ್ಕಲೆಬ್ಬಿಸಲಾಯಿತು. ಆಗ ಊರಿ ಹದಿಮೂರು ವರ್ಷದ ಹುಡುಗ. ಅವನು ಅದನ್ನು ಹೇಗೆ ನೋಡಿದನೋ, ಆದರೆ ಅವನ ಬಾಲ್ಯದ ಬೇಲಿಯ ಆಚೆ ನಡೆದದ್ದನ್ನು ಬಿಟ್ಟು ಅವನ ಬಾಲ್ಯ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಅವನ ತಾಯಿ ಫೆಯ್ಗೆ ಇಲಾನಿತ್ ಇಸ್ರೇಲಿನ ಮೊದಲ ಸಂಸತ್ತಿನ ಸದಸ್ಯೆ. ಆದರೂ ಊರಿ ಅಮ್ಮನ ಕೋಣೆಯಲ್ಲಿ ಮಲಗಿ ಬೆಳೆದವನಲ್ಲ. ಆ ಕಾಲದ ಅಂಥ ಕಿಬುಟ್ಸುಗಳಲ್ಲಿ ಮಕ್ಕಳೆಲ್ಲ ಮಲಗುತ್ತಿದ್ದುದು ಮಕ್ಕಳ ಮನೆಯಲ್ಲಿ. ಸಂಜೆ ಅಪ್ಪ ಅಮ್ಮನ ಜೊತೆ ಕೆಲವು ಗಂಟೆ, ರಾತ್ರಿ ಮತ್ತೆ ಒಂದೇ ವಯಸ್ಸಿನ ಮಕ್ಕಳ ಸಾಲು ಮಂಚ. ಆ ಮಕ್ಕಳಿಗೆ ಸ್ನಾನ ಮಾಡಿಸಿ, ಉಣ್ಣಿಸಿ, ಬೆಳಗ್ಗೆ ಎಬ್ಬಿಸಿ ಬಟ್ಟೆ ಹಾಕುವ ಹೆಂಗಸಿಗೆ ಮೆತಾಪೆಲೆತ್ ಎನ್ನುತ್ತಿದ್ದರು. ಇವತ್ತು ಅಜ್ಜ ಅಜ್ಜಿಯರನ್ನು ನೋಡಿಕೊಳ್ಳುವ ನಮ್ಮಂಥವರನ್ನು ಕರೆಯುವುದೂ ಅದೇ ಹೆಸರಿನಿಂದ. ಇದನ್ನು ಸವ್ತಾ ಹೇಳಿದ ದಿನ ನಾನು ಅವರ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ. "ನನ್ನ ಜೀವನ ಶುರುವಾದದ್ದು ಮೆತಾಪೆಲೆತ್ ಕೈಯಲ್ಲಿ, ಮುಗಿಯುವುದೂ ಮೆತಾಪೆಲೆತ್ ಕೈಯಲ್ಲಿ" ಅಂದರು. ಊರಿ ಬದುಕಿದ್ದಿದ್ದರೆ ಅವನಿಗೂ ಈಗ ತೊಂಬತ್ತು ದಾಟಿರುತ್ತಿತ್ತು. ನಮ್ಮ ಕಡೆಯ ಯಾರಾದರೂ ಒಬ್ಬರು ಅವನ ಅಂಗಿಯ ಗುಂಡಿ ಹಾಕುತ್ತಿದ್ದರೋ ಏನೋ.

ದೊಡ್ಡವನಾದ ಮೇಲೆ ಸೇನೆಗೆ ಹೋಗಿ ಗೋಲಾನಿ ಪಡೆ ಸೇರಿದ. 1954ರ ಡಿಸೆಂಬರ್ 8ರ ರಾತ್ರಿ ಐವರನ್ನು ಸಿರಿಯಾದ ಗಡಿ ದಾಟಿಸಿ ಗೋಲಾನ್ ಬೆಟ್ಟಗಳಿಗೆ ಕಳಿಸಲಾಯಿತು. ಸಿರಿಯಾ ಸೇನೆಯ ಟೆಲಿಫೋನ್ ತಂತಿಗೆ ಕದ್ದಾಲಿಸುವ ಯಂತ್ರವೊಂದನ್ನು ಮೊದಲೇ ಜೋಡಿಸಿದ್ದರು. ಅದರ ಬ್ಯಾಟರಿ ಬದಲಿಸಿ ಬರಬೇಕಿತ್ತು. ಐವರೂ ಸಿಕ್ಕಿಬಿದ್ದರು. ನಾಲ್ಕು ದಿನ ಕಳೆದ ಮೇಲೆ ಇಸ್ರೇಲಿನ ಯುದ್ಧವಿಮಾನಗಳು ಸಿರಿಯಾದ ಒಂದು ಪ್ರಯಾಣಿಕ ವಿಮಾನವನ್ನು ಬಲವಂತವಾಗಿ ಲೋದ್ ನಿಲ್ದಾಣದಲ್ಲಿ ಇಳಿಸಿದವು. ಅದರಲ್ಲಿದ್ದವರನ್ನು ಒತ್ತೆ ಇಟ್ಟುಕೊಂಡು ಹುಡುಗರನ್ನು ಬಿಡಿಸುವ ಆಲೋಚನೆ. ಪ್ರಧಾನಿ ಮೋಶೆ ಶರೆತ್ ಅವರಿಗೇ ಅದು ಹಿಡಿಸಲಿಲ್ಲ, ಪ್ರಯಾಣಿಕರನ್ನು ಬಿಟ್ಟು ಕಳಿಸಬೇಕಾಯಿತು. ಅಷ್ಟು ಹೊತ್ತಿಗೆ ಐವರೂ ಡಮಾಸ್ಕಸ್‌ನ ಮೆಝ್ಝೆ ಸೆರೆಮನೆಯಲ್ಲಿದ್ದರು. ಸಿರಿಯಾದವರೇ ಆದ ಎಷ್ಟೋ ರಾಜಕೀಯ ಕೈದಿಗಳನ್ನು ಕೊಳೆಹಾಕಿದ ಜೈಲು ಅದು. 2000ದಲ್ಲಷ್ಟೇ ಮುಚ್ಚಿತು.

ಐವರನ್ನೂ ಬೇರೆ ಬೇರೆ ಇಟ್ಟರು, ಹಿಂಸೆ ಕೊಟ್ಟರು, ಮತ್ತೆ ಮತ್ತೆ ವಿಚಾರಿಸಿದರು. ಊರಿ ಇಲಾನ್‌ಗೆ ಒಂದು ಸುಳ್ಳನ್ನೂ ಹೇಳಿದರು. ನಿನ್ನ ಜೊತೆಗಾರರನ್ನೆಲ್ಲ ಕೊಂದಾಯಿತು, ಇನ್ನು ನೀನೊಬ್ಬನೇ. ಅವನು ಅದನ್ನು ನಂಬಿದ. 1955ರ ಜನವರಿ 13ರಂದು ತನ್ನ ಜೀವವನ್ನು ತಾನೇ ತೆಗೆದುಕೊಂಡ. ಇಪ್ಪತ್ತು ತುಂಬಲು ಒಂದು ತಿಂಗಳು ಬಾಕಿ ಇತ್ತು.

ಹೆಣ ಗಡಿಗೆ ಬಂತು. ಅದರ ಮೇಲೆ ಬಚ್ಚಿಟ್ಟ ಕಾಗದದ ಚೂರುಗಳು ಸಿಕ್ಕವು. ಶಾಯಿ ಇಲ್ಲ, ಪೆನ್ಸಿಲ್ ಇಲ್ಲ. ಕಾಗದಕ್ಕೆ ತೂತು ಚುಚ್ಚಿ ಚುಚ್ಚಿ ಅಕ್ಷರ ಮೂಡಿಸಿದ್ದ. ಒಂದು ಅಕ್ಷರಕ್ಕೆ ಎಷ್ಟು ತೂತು ಬೇಕಾದೀತು? ನಾನು ಒಂದು ಹಾಳೆ, ಒಂದು ಸೂಜಿ ತೆಗೆದುಕೊಂಡು ನಮ್ಮ ಕನ್ನಡದ ‘ನಾ’ ಒಂದನ್ನೇ ಚುಚ್ಚಿ ನೋಡಿದೆ. ಇಪ್ಪತ್ತಕ್ಕೂ ಮಿಕ್ಕಿ ಬೇಕಾಯಿತು, ಅದೂ ದೀಪದ ಬೆಳಕಿನಲ್ಲಿ, ಮೇಜಿನ ಮೇಲೆ, ಯಾರ ಹೆದರಿಕೆಯೂ ಇಲ್ಲದೆ.

ಆ ಚೀಟಿಯಲ್ಲಿ ಹೀಬ್ರೂವಿನ ಮೂರು ಪದಗಳಿದ್ದವು. ಲೋ ಬಗದ್ತಿ, ಹಿತಬದ್ತಿ. ಮೊದಲೆರಡರ ಅರ್ಥ ನಾನು ದ್ರೋಹ ಬಗೆಯಲಿಲ್ಲ. ಮೂರನೆಯದು, ನನ್ನನ್ನು ನಾನೇ ಕೊಂದುಕೊಂಡೆ.

ದೇಶ ಮೊದಲೆರಡನ್ನು ಎತ್ತಿಕೊಂಡಿತು. ಆಗ ಸೇನಾ ಮುಖ್ಯಸ್ಥರಾಗಿದ್ದ ಮೋಶೆ ದಯಾನ್ ಅವರೇ ಆ ಹುಡುಗನ ಸ್ಮರಣೆಯ ಮಾತಿನಲ್ಲಿ ಚೀಟಿಯನ್ನು ಲೋಕಕ್ಕೆ ತಿಳಿಸಿದರು. ಪತ್ರಿಕೆಗಳ ತುಂಬ ಅದೇ. ಹಲವು ಪಟ್ಟಣಗಳಲ್ಲಿ ಊರಿ ಇಲಾನ್ ಹೆಸರಿನ ಬೀದಿಗಳಾದವು. ಲೋ ಬಗದ್ತಿ ಎಂದರೆ ಗಾದೆಯ ಹಾಗೆ ಎಲ್ಲರ ಬಾಯಲ್ಲಿ. ಹೊಸ ದೇಶ, ಸುತ್ತ ಗಡಿಯಲ್ಲಿ ನಿತ್ಯ ಜಗಳ, ಹಿಟ್ಲರನ ಕೊಲೆಗಡುಕರಿಂದ ತಪ್ಪಿಸಿಕೊಂಡು ಬಂದ ಜನ. ಅವರಿಗೆ ಅಂಥ ಮಾತು ಬೇಕಾಗಿತ್ತು ಎಂಬುದು ನನಗೆ ಅರ್ಥವಾಗುತ್ತದೆ. ಮಗ ಸತ್ತ ಮನೆಯಲ್ಲಿ "ನಿಮ್ಮ ಮಗ ಗಟ್ಟಿಗ, ಬಾಯಿ ಬಿಡಲಿಲ್ಲ" ಎನ್ನದೆ ಇನ್ನೇನು ಹೇಳುತ್ತಾರೆ? ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ಸಾವಿನ ಮನೆಯಲ್ಲಿ ಹೇಳುವ ಮಾತು ಬೇರೆ, ಬದುಕಬೇಕಾದ ಮಕ್ಕಳಿಗೆ ಹೇಳುವ ಮಾತು ಬೇರೆ.

ಆ ಮೂರನೆಯ ಪದವನ್ನು ಬಿಟ್ಟದ್ದರಿಂದ ಏನಾಯಿತು ಕೇಳಿ. ಊರಿಯ ಜೊತೆಗಿದ್ದ ನಾಲ್ವರೂ ಬದುಕಿದ್ದರು! ಸತ್ತರು ಎಂದು ಅವನಿಗೆ ಹೇಳಿದ ಆ ನಾಲ್ವರೇ. 1955ರ ಡಿಸೆಂಬರಿನಲ್ಲಿ ಕಿನ್ನೆರೆತ್ ಸರೋವರದ ದಡದಲ್ಲಿ ಇಸ್ರೇಲ್ ಸೇನೆ ದಾಳಿ ಮಾಡಿ ಸಿರಿಯಾದ ಸೈನಿಕರನ್ನು ಹಿಡಿದು ತಂದಿತು. 1956ರ ಮಾರ್ಚ್ ಕೊನೆಯಲ್ಲಿ ಅವರನ್ನು ಕೊಟ್ಟು ಈ ನಾಲ್ವರನ್ನು ಬಿಡಿಸಿಕೊಂಡರು. ಹದಿನೈದು ತಿಂಗಳ ಸೆರೆ ಮುಗಿಸಿ ಬಂದ ಅವರು ತಮ್ಮದೇ ಸೇನೆಯ ವಿಚಾರಣೆಯನ್ನೂ ಎದುರಿಸಬೇಕಾಯಿತು. ಏನು ಹೇಳಿದಿರಿ, ಎಷ್ಟು ಹೇಳಿದಿರಿ, ಯಾಕೆ ಶರಣಾದಿರಿ. ಸತ್ತವನ ಚೀಟಿ ಅವರಿಗೆ ಅಳತೆಗೋಲಾಯಿತು. ಹತ್ತೊಂಬತ್ತು ವರ್ಷದ ಹುಡುಗ ತನ್ನ ಬಗ್ಗೆ ಹೇಳಿಕೊಂಡ ಮಾತದು. ಇನ್ನೊಬ್ಬರನ್ನು ತೂಗಲು ಅವನು ಅದನ್ನು ಚುಚ್ಚಿಟ್ಟಿರಲಿಲ್ಲ.

ಅದು ಅಲ್ಲಿಗೇ ನಿಲ್ಲಲೂ ಇಲ್ಲ. 1973ರ ಯೋಮ್ ಕಿಪ್ಪೂರ್ ಯುದ್ಧದಲ್ಲಿ ಸುಮಾರು 300 ಇಸ್ರೇಲಿ ಸೈನಿಕರು ಈಜಿಪ್ಟ್ ಮತ್ತು ಸಿರಿಯಾದವರ ಕೈಗೆ ಸಿಕ್ಕರು. ಬಿಡುಗಡೆಯಾಗಿ ಬಂದವರನ್ನು ಜಿಖ್ರೋನ್ ಯಾಕೋವ್‌ನಲ್ಲಿ ವಾರಗಟ್ಟಲೆ ಇಟ್ಟು ವಿಚಾರಿಸಿದರು. ಗನ್ ಶ್ಮುಎಲ್‌ನಿಂದ ಬಹಳ ದೂರವೇನಿಲ್ಲ ಆ ಊರು. ಅಪರಾಧಿಗಳಂತೆ ನಮ್ಮನ್ನು ಕೂರಿಸಿದರು ಎಂದು ಎಷ್ಟೋ ಜನ ಆಮೇಲೆ ಹೇಳಿಕೊಂಡಿದ್ದಾರೆ.

ಸವ್ತಾ ಅವರ ಗಂಡ ಆ ಯುದ್ಧದಲ್ಲಿ ಸೆರೆ ಸಿಕ್ಕಿದ್ದವರು. ನಾನು ಬರುವ ಮೊದಲೇ ತೀರಿಕೊಂಡಿದ್ದಾರೆ, ನೋಡಿಲ್ಲ. ಈ ಮನೆಗೆ ಬಂದ ಮೊದಲ ದಿನ ಬಚ್ಚಲುಮನೆಗೆ ಹೋದರೆ ಬಾಗಿಲಿಗೆ ಚಿಲಕ ಇಲ್ಲ. ಇದ್ದ ಜಾಗದಲ್ಲಿ ನಾಲ್ಕು ಮೊಳೆಯ ತೂತು, ಅದರ ಮೇಲೆ ಎಷ್ಟೋ ಸಲ ಬಳಿದ ಬಣ್ಣ. ಅಜ್ಜಿ ಒಳಗೆ ಬಿದ್ದರೆ ಕೆಲಸದವಳಿಗೆ ಗೊತ್ತಾಗಲಿ ಅಂತ ತೆಗೆಸಿರಬೇಕು ಎಂದುಕೊಂಡೆ. ವರ್ಷ ಕಳೆದ ಮೇಲೆ ಒಂದು ದಿನ ಕೇಳಿದೆ. ಸೆರೆಯಿಂದ ಬಂದ ವಾರ ಅವರೇ ಸ್ಕ್ರೂಡ್ರೈವರ್ ತಗೊಂಡು ಮನೆಯ ಎಲ್ಲ ಬಾಗಿಲಿನ ಚಿಲಕ ಕಿತ್ತರಂತೆ. ಒಂದನ್ನೂ ಉಳಿಸಲಿಲ್ಲ. ಅಲ್ಲಿ ಏನಾಯಿತು ಎಂದು ಅವರು ಹೆಂಡತಿಗೆ ಸಾಯುವ ತನಕ ಹೇಳಲಿಲ್ಲ. "ಯಾರಿಗೂ ಹೇಳಲಿಲ್ಲವಾ?" ಅಂದೆ. "ಬಂದ ಕೂಡಲೇ ಎಲ್ಲರೂ ಕೇಳಿದ್ದು ಅವನು ಅವರಿಗೆ ಏನು ಹೇಳಿದ ಎಂದು. ಅವನಿಗೆ ಏನಾಯಿತು ಎಂದು ಕೇಳುವ ಹೊತ್ತಿಗೆ ಅವನು ಮಾತು ನಿಲ್ಲಿಸಿದ್ದ" ಅಂದರು.

ಇದು ಒಂದು ಮನೆಯ ಕಥೆ ಮಾತ್ರ ಅಲ್ಲ. ಟೆಲ್ ಅವೀವ್ ವಿಶ್ವವಿದ್ಯಾಲಯದ ಜಹಾವಾ ಸೊಲೊಮನ್ ಈ ಸೆರೆಯಾಳುಗಳನ್ನು ದಶಕಗಳ ಕಾಲ ಹಿಂಬಾಲಿಸಿ ಅಧ್ಯಯನ ಮಾಡಿದರು. ಸೆರೆಯ ಗಾಯ ಎಷ್ಟೋ ಜನರಲ್ಲಿ ವರ್ಷ ಕಳೆದಂತೆ ಮಾಯುವ ಬದಲು ಇನ್ನಷ್ಟು ಕೀವಾಯಿತು, ಹೆಂಡತಿ ಮಕ್ಕಳವರೆಗೂ ಹಬ್ಬಿತು ಎಂದು ತೋರಿಸಿಕೊಟ್ಟರು. ಯುದ್ಧ ಮುಗಿದು ಇಪ್ಪತ್ತೈದು ವರ್ಷವಾದ ಮೇಲೆ, 1998ರಲ್ಲಿ, ಆ ಸೆರೆಯಾಳುಗಳು ಸೇರಿ ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಅದರ ಹೆಸರು ಏರೀಮ್ ಬಲಾಯ್ಲಾ. ಅಂದರೆ ರಾತ್ರಿ ಎಚ್ಚರವಿರುವವರು.

ಇನ್ನೂ ಒಂದು ಸಂಗತಿಯನ್ನು ನಿಮ್ಮ ಮುಂದಿಡಬೇಕು. 1986ರಲ್ಲಿ ಇಲ್ಲಿಯ ಸೇನೆ ಹ್ಯಾನಿಬಲ್ ಎಂಬ ಹೆಸರಿನ ಆದೇಶವೊಂದನ್ನು ಮಾಡಿಕೊಂಡಿತು. ಸೈನಿಕನನ್ನು ಶತ್ರುಗಳು ಎತ್ತಿಕೊಂಡು ಹೋಗುತ್ತಿದ್ದರೆ, ಅವನ ಜೀವಕ್ಕೆ ಅಪಾಯವಾದರೂ ಸರಿ, ಗುಂಡು ಹಾರಿಸಿ ತಡೆಯಬೇಕು. 2016ರಲ್ಲಿ ಅದನ್ನು ರದ್ದು ಮಾಡಿದರು. ಸೆರೆಯಾಗುವುದಕ್ಕಿಂತ ಸಾಯುವುದು ಮೇಲು ಎಂಬ ಮಾತನ್ನು ಒಂದು ಸಮಾಜ ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದರೆ, ಅದು ಕೊನೆಗೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ. ಎರಡಕ್ಕೂ ನೇರ ಗಂಟು ಹಾಕಲು ನನ್ನ ಬಳಿ ದಾಖಲೆ ಇಲ್ಲ, ಇದು ನನ್ನ ಎಣಿಕೆ. ಆದರೆ ಎರಡೂ ಒಂದೇ ನೆಲದಲ್ಲಿ ಬೆಳೆದವು ಎಂದು ನನಗೆ ಅನ್ನಿಸುತ್ತದೆ.

ಅದೇ ಗನ್ ಶ್ಮುಎಲ್‌ನಲ್ಲಿ 1946ರಲ್ಲಿ ಇನ್ನೊಬ್ಬ ಹುಡುಗ ಹುಟ್ಟಿದ, ಊದಿ ಅದೀವ್. 1967ರಲ್ಲಿ ಜೆರುಸಲೇಮಿಗಾಗಿ ಕಾದಾಡಿದ ಪ್ಯಾರಾಟ್ರೂಪರ್. ಆಮೇಲೆ ಎಡಪಂಥದ ಕಡೆ ವಾಲಿ, ಗುಟ್ಟಾಗಿ ಡಮಾಸ್ಕಸ್‌ಗೆ ಹೋಗಿ ಬಂದು, 1973ರಲ್ಲಿ ಸಿರಿಯಾ ಪರ ಬೇಹುಗಾರಿಕೆಯ ಅಪರಾಧಕ್ಕೆ 17 ವರ್ಷದ ಶಿಕ್ಷೆ ಪಡೆದ. ಒಂದೇ ಊರು. ಒಬ್ಬ ಡಮಾಸ್ಕಸ್‌ನಲ್ಲಿ ದ್ರೋಹ ಬಗೆಯಲಿಲ್ಲ ಎಂದು ಚುಚ್ಚಿಟ್ಟು ಸತ್ತ, ಇನ್ನೊಬ್ಬನನ್ನು ಡಮಾಸ್ಕಸ್‌ನ ಕಾರಣಕ್ಕೇ ದ್ರೋಹಿ ಎಂದರು. ಆ ಊರಿನವರ ಎದೆಯಲ್ಲಿ ಆ ಪದ ಹೇಗೆ ಕುಟ್ಟಿರಬೇಕು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಸವ್ತಾ ಬಳಿ ಈ ವಿಷಯ ಎತ್ತಿದರೆ ಮಾತ್ರ ಅವರು ಕಿಟಕಿ ಕಡೆ ತಿರುಗುತ್ತಾರೆ. ನಾನು ಮುಂದೆ ಕೇಳಿಲ್ಲ.

ಹಮಾಸ್ ದಾಳಿ ಮಾಡಿ ಜನರನ್ನು ಒತ್ತೆ ಹಿಡಿದೊಯ್ದ 2023ರ ಅಕ್ಟೋಬರ್ 7ನ್ನು ನಾನಿಲ್ಲಿ ಕಂಡಿದ್ದೇನೆ, ಅದರ ನಂತರ ಗಾಜಾದಲ್ಲಿ ಸತ್ತ ಮಕ್ಕಳ ಚಿತ್ರಗಳನ್ನೂ ನೋಡಿದ್ದೇನೆ, ಎರಡಕ್ಕೂ ಅತ್ತಿದ್ದೇನೆ. ಒತ್ತೆಯಾಳುಗಳಿಗಾಗಿ ಇಲ್ಲಿ ಗಿಡಮರ, ಕಾರು, ಅಂಗಿಗೆಲ್ಲ ಹಳದಿ ರಿಬ್ಬನ್ ಕಟ್ಟಿದ್ದರು. ಅವರನ್ನು ಜೀವಂತವಾಗಿ ತನ್ನಿ ಎಂದು ಶನಿವಾರ ರಾತ್ರಿಗಳಲ್ಲಿ ಜನ ಬೀದಿ ತುಂಬುತ್ತಿದ್ದರು. ಅದನ್ನು ಟಿವಿಯಲ್ಲಿ ನೋಡುತ್ತಾ ಸವ್ತಾ ಒಂದು ಸಲ ತಮ್ಮಷ್ಟಕ್ಕೇ ಅಂದುಕೊಂಡರು, "ನನ್ನವನಿಗೆ ಒಬ್ಬರೂ ರಿಬ್ಬನ್ ಕಟ್ಟಲಿಲ್ಲ." ಅರವತ್ತು ಎಪ್ಪತ್ತು ವರ್ಷದಲ್ಲಿ ಈ ದೇಶ ಅಷ್ಟು ದೂರ ಬಂದಿದೆ. ನಾವು ಮಾತ್ರ ಕಡಲಾಚೆ ಕೂತು, ಅವರೇ ದಾಟಿ ಬಂದ ಹಳೆಯ ಕಥೆಯನ್ನು ಅರ್ಧಕ್ಕೆ ಕತ್ತರಿಸಿ ನಮ್ಮ ಮಕ್ಕಳ ಬಾಯಿಗೆ ಹಾಕುತ್ತಿದ್ದೇವೆ.

ಸೈನಿಕರ ಸ್ಮರಣೆಯ ದಿನ ಇಲ್ಲಿ ಹೇಗಿರುತ್ತದೆ ಎಂದು ಹೇಳಿಬಿಡುತ್ತೇನೆ. ಹಿಂದಿನ ರಾತ್ರಿ ಎಂಟಕ್ಕೆ ದೇಶದ ಉದ್ದಗಲಕ್ಕೂ ಒಂದು ನಿಮಿಷ ಸೈರನ್, ಮಾರನೆಯ ಬೆಳಗ್ಗೆ ಹನ್ನೊಂದಕ್ಕೆ ಎರಡು ನಿಮಿಷ. ರಸ್ತೆಯಲ್ಲಿ ಕಾರು ನಿಲ್ಲಿಸಿ ಇಳಿದು ನಿಲ್ಲುತ್ತಾರೆ. ಈ ಸಲ ಸೈರನ್ ಶುರುವಾದಾಗ ನಾನು ಈರುಳ್ಳಿ ಹುರಿಯುತ್ತಿದ್ದೆ. ಗ್ಯಾಸ್ ಸಣ್ಣ ಮಾಡಿ ಓಡಿದೆ. ಸವ್ತಾ ಆಗಲೇ ವಾಕರ್ ಹಿಡಿದು ಎದ್ದು ನಿಂತಿದ್ದರು. ಮಂಡಿ ನಡುಗುತ್ತಿತ್ತು. ಸೊಂಟಕ್ಕೆ ಕೈ ಕೊಡಲು ಹೋದರೆ ಬೇಡ ಎಂದು ತಲೆಯಾಡಿಸಿದರು. ಸೈರನ್ ನಿಂತ ಮೇಲೂ ಕೂರಲಿಲ್ಲ. "ಅದು ಸತ್ತವರಿಗೆ. ಇನ್ನೊಂದು ನಿಮಿಷ ನಿಲ್ಲಬೇಕು" ಅಂದರು. ಯಾರಿಗೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಲೆಯ ಮೇಲೆ ಈರುಳ್ಳಿ ಚಟಪಟ ಅನ್ನುತ್ತಲೇ ಇತ್ತು.

ಮೇಷ್ಟ್ರೇ, ಟೀಚರೇ, ನನ್ನ ಕೋರಿಕೆ ದೊಡ್ಡದಲ್ಲ. ಊರಿ ಇಲಾನ್ ಕಥೆಯನ್ನು ಮಕ್ಕಳಿಗೆ ಹೇಳಬೇಡಿ ಎನ್ನುವುದಿಲ್ಲ. ಪೂರ್ತಿ ಹೇಳಿ. ಅವನು ಮಾದಲದ ತೋಟದ ಊರಿನ ಹುಡುಗ ಎಂದು ಹೇಳಿ. ಅವನಿಗೆ ಸುಳ್ಳು ಹೇಳಿದ್ದರು, ಗೆಳೆಯರು ಬದುಕಿದ್ದರು ಎಂದು ಹೇಳಿ. ಕಾದಿದ್ದರೆ ಹದಿನಾಲ್ಕು ತಿಂಗಳಲ್ಲಿ ಅವನೂ ಅವರ ಜೊತೆ ಮನೆಗೆ ಬರುತ್ತಿದ್ದ ಎಂದು ಹೇಳಿ. ಸೆರೆಯಾಳನ್ನು ಹಿಂಸಿಸಬಾರದು, ಹೆಸರು, ಹುದ್ದೆ, ಹುಟ್ಟಿದ ದಿನ, ಸೇನಾ ಸಂಖ್ಯೆ ಇಷ್ಟನ್ನು ಬಿಟ್ಟು ಬೇರೆ ಉತ್ತರ ಕೊಡು ಎಂದು ಬಲವಂತ ಮಾಡಬಾರದು ಎಂದು 1949ರ ಜಿನೀವಾ ಒಪ್ಪಂದದಲ್ಲೇ ಬರೆದಿದೆ. ತಪ್ಪು ಮಾಡಿದವರು ಹಿಂಸೆ ಕೊಟ್ಟವರು, ಹಿಂಸೆ ತಾಳಲಾರದೆ ಬಾಯಿಬಿಟ್ಟವರಲ್ಲ ಎಂಬುದು ಏಳನೇ ಕ್ಲಾಸಿನ ಮಗುವಿಗೂ ಅರ್ಥವಾಗುತ್ತದೆ. ಮತ್ತು ದಯವಿಟ್ಟು, ಕಷ್ಟ ಬಂದಾಗ ಪ್ರಾಣ ಕಳೆದುಕೊಳ್ಳುವುದನ್ನು ಮಾದರಿ ಎಂದು ಯಾವ ಮಗುವಿನ ಮುಂದೆಯೂ ಇಡಬೇಡಿ. ನಿಮ್ಮ ಎದುರಿನ ಬೆಂಚುಗಳಲ್ಲಿ ಕೂತವರಲ್ಲಿ ಯಾವ ಮಗುವಿನ ಮನಸ್ಸಿನಲ್ಲಿ ಏನು ನಡೆದಿದೆಯೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ನಮ್ಮ ಹುಡುಗಿಗೆ ಇದನ್ನೆಲ್ಲ ಫೋನಿನಲ್ಲೇ ಎರಡು ಸಂಜೆ ಹೇಳಿದೆ. ಬದುಕಿ ಬಂದವರೂ ವೀರರೇ ಮಗಾ, ಅವರಿಗೆ ಬೀದಿಯ ಹೆಸರು ಸಿಗಲಿಲ್ಲ ಅಷ್ಟೇ ಅಂದೆ. ಭಾಷಣ ಮತ್ತೆ ಬರೆಯುತ್ತೇನೆ ಅಂದಳು. ಮಕ್ಕಳ ಮನೆಯ ಸುದ್ದಿ ಅವಳಿಗೆ ತುಂಬ ಹಿಡಿಸಿತು. ಅಮ್ಮ ಹತ್ತಿರ ಇಲ್ಲದಿದ್ದರೆ, ರಾತ್ರಿ ಹೆದರಿಕೆಯಾದರೆ ಆ ಊರಿ ಯಾರನ್ನು ಕರೆಯುತ್ತಿದ್ದ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಫೋನ್ ಹಿಡಿದುಕೊಂಡೇ ಸವ್ತಾರನ್ನು ಕೇಳಿದೆ. ರಾತ್ರಿ ಕಾವಲಿಗೆ ಒಬ್ಬ ಹೆಂಗಸು ಇರುತ್ತಿದ್ದಳು, ಒಂದು ಮಕ್ಕಳ ಮನೆಯಿಂದ ಇನ್ನೊಂದಕ್ಕೆ ನಡೆಯುತ್ತಲೇ ಇರುತ್ತಿದ್ದಳು, ಅತ್ತರೆ ಕೇಳಿಸಿಕೊಂಡು ಬರುತ್ತಿದ್ದಳು ಅಂದರು. "ಕೆಲವು ಸಲ ಬರುವುದು ತಡವಾಗುತ್ತಿತ್ತು. ಅಷ್ಟರಲ್ಲಿ ಪಕ್ಕದ ಮಂಚದವರು ಎದ್ದು ಬಂದು ಕೈ ಹಿಡಿದುಕೊಳ್ಳುತ್ತಿದ್ದರು. ಇದನ್ನೂ ಬರೆದುಕೊಳ್ಳಲಿ ಹುಡುಗಿ."

ಬರೆದುಕೊಂಡಿದ್ದಾಳೆ. ನಿನ್ನೆ ಮತ್ತೆ ಒಪ್ಪಿಸಿದಳು, ನಾಲ್ಕೂವರೆ ನಿಮಿಷ ಆಗುತ್ತದೆ. ಯಾವ ಸಾಲನ್ನೂ ತೆಗೆಯಲು ಅವಳಿಗೆ ಮನಸ್ಸಿಲ್ಲ, ತೆಗೆ ಎನ್ನಲು ನನಗೂ ಬಾಯಿ ಬರಲಿಲ್ಲ. ಸ್ಪರ್ಧೆಯ ದಿನ ಮೂರು ನಿಮಿಷ ದಾಟಿದರೆ ದಯವಿಟ್ಟು ಗಂಟೆ ಬಾರಿಸಬೇಡಿ.

ಇಂತಿ,
ಕುಂದಾಪುರದ ಕಡೆಯ ಒಬ್ಬಳು ಮೆತಾಪೆಲೆತ್